ದತ್ತಾಂಶದ ಅರಿವಿಗೊಂದು ನಿರ್ವಚನ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಆಕರಗಳ ಹಿನ್ನೆಲೆಯಲ್ಲಿ

೧

ಕನ್ನಡ ಸಂಶೋಧನೆಯ ಇತಿಹಾಸವನ್ನು ಬಹುಮಟ್ಟಿಗೆ ಸಂಗ್ರಹದ ಇತಿಹಾಸವೆಂದೇ ಕರೆಯಬಹುದು. ಶಾಸನಗಳ ಪಡಿಯಚ್ಚು, ತಾಳೆಗರಿಗಳ ಶೋಧ, ಜನಪದ ಕಾವ್ಯಗಳ ಧ್ವನಿಮುದ್ರಣ, ಸ್ಥಳನಾಮಗಳ ಪಟ್ಟಿ ಇವೆಲ್ಲವೂ ಹಲವು ತಲೆಮಾರುಗಳ ವಿದ್ವಾಂಸರ ದುಡಿಮೆಯ ಫಲ. ಈಗ ಈ ಸಂಗ್ರಹಗಳು ಒಂದೊಂದಾಗಿ ಗಣಕಯಂತ್ರವನ್ನು ಸೇರುತ್ತಿವೆ. ಸಂಗ್ರಹಿಸಿದ್ದನ್ನು ಉಳಿಸುವ ದೃಷ್ಟಿಯಿಂದ ಇದು ಅಗತ್ಯವಾದ ಕೆಲಸವೇ ಸರಿ. ಆದರೆ ಉಳಿಸುವುದು ಬೇರೆ, ಉಳಿಸಿದ್ದು ಏನೆಂದು ಹೇಳುವುದು ಬೇರೆ. ಒಂದು ದಾಖಲೆಯು ಯಾವ ಬಗೆಯ ವಸ್ತುವನ್ನು ಕುರಿತದ್ದು, ಅದು ಯಾರಿಂದ, ಯಾವಾಗ, ಹೇಗೆ ತಿಳಿದುಬಂದಿತು, ಅದರ ಹೇಳಿಕೆ ಯಾವ ಕಾಲಕ್ಕೆ ಮತ್ತು ಯಾವ ಎಲ್ಲೆಗೆ ಸಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ದತ್ತಾಂಶವು ಅಚ್ಚುಕಟ್ಟಾದ ಕೋಷ್ಟಕದಲ್ಲಿದ್ದರೂ ಅರಿವಾಗುವುದಿಲ್ಲ.

ದತ್ತಾಂಶವನ್ನು ಕುರಿತ ಈ ಎರಡನೆಯ ಹಂತದ ಅರಿವನ್ನು ವಿಧಿಬದ್ಧವಾಗಿ ನಿರೂಪಿಸುವ ವ್ಯವಸ್ಥೆಯನ್ನು ಗಣಕವಿಜ್ಞಾನದಲ್ಲಿ ಆಂಟಾಲಜಿ ಎನ್ನುತ್ತಾರೆ. ತತ್ತ್ವಶಾಸ್ತ್ರದಲ್ಲಿ ಇರವಿನ ಮೀಮಾಂಸೆಗೆ ಸಲ್ಲುತ್ತಿದ್ದ ಈ ಪದವನ್ನು, ಒಂದು ಜ್ಞಾನಕ್ಷೇತ್ರದ ಪರಿಕಲ್ಪನೆಗಳ ಸ್ಪಷ್ಟ ನಿರೂಪಣೆ ಎಂಬ ಅರ್ಥದಲ್ಲಿ ಟಾಮ್ ಗ್ರೂಬರ್ ೧೯೯೩ರಲ್ಲಿ ಬಳಸಿದ ಮೇಲೆ ಆ ಬಳಕೆ ನೆಲೆನಿಂತಿತು. ಆಂಟಾಲಜಿಯೆಂದರೆ ಪದಗಳ ಪಟ್ಟಿಯಲ್ಲ. ಯಾವ ಯಾವ ವರ್ಗದ ವಸ್ತುಗಳಿವೆ, ಒಂದು ವರ್ಗಕ್ಕೂ ಇನ್ನೊಂದಕ್ಕೂ ಯಾವ ಸಂಬಂಧ ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಯಂತ್ರವೂ ತರ್ಕಿಸಬಲ್ಲ ಹಾಗೆ ಹೇಳುವ ಸೂತ್ರಗಳ ಸಮುಚ್ಚಯ ಅದು. ಕನ್ನಡದ ಆಕರಗಳಿಗೆ ಇಂಥದೊಂದು ನಿರ್ವಚನ ತುರ್ತಾಗಿ ಬೇಕು. ಅದನ್ನು ರೂಪಿಸುವ ಹೊಣೆ ತಂತ್ರಾಂಶ ತಯಾರಕರದಲ್ಲ, ಕನ್ನಡ ಅಧ್ಯಯನ ವಿಭಾಗಗಳದು. ಇದು ಪ್ರಸ್ತುತ ಲೇಖನದ ಪ್ರತಿಪಾದನೆ. ಈ ಮಾತನ್ನು ಸಾಮಾನ್ಯವಾಗಿ ಹೇಳುವುದಕ್ಕಿಂತ ಒಂದು ಸೀಮೆಯ ಮೇಲೆ ಇಟ್ಟು ನೋಡುವುದು ಲೇಸು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

೨

ಮೊದಲನೆಯದು ಸ್ಥಳದ ಪ್ರಶ್ನೆ. ಮಲೆ ಮಹದೇಶ್ವರ ಬೆಟ್ಟವು ತಾನಿದ್ದ ಜಾಗದಿಂದ ಎಂದೂ ಕದಲಿಲ್ಲ. ಅದರ ವಿಳಾಸ ಮಾತ್ರ ಬದಲಾಗುತ್ತಲೇ ಬಂದಿದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅನಂತರ ಮೈಸೂರು ಜಿಲ್ಲೆಗೆ ಬಂದಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ೨೦೧೭-೧೮ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದಾದ್ದರಿಂದ ಬೆಟ್ಟವು ಈಗ ಹನೂರು ತಾಲ್ಲೂಕಿನದು. ಹೀಗೆ ಒಂದೇ ಬೆಟ್ಟವನ್ನು ಕುರಿತ ನಾಲ್ಕು ದಾಖಲೆಗಳು ನಾಲ್ಕು ಶೀರ್ಷಿಕೆಗಳ ಕೆಳಗೆ ಕುಳಿತಿರುತ್ತವೆ. ಓದುಗನಿಗೆ ಅವು ಒಂದೇ ಎಂದು ತಿಳಿದಿರಬಹುದು, ಕೋಷ್ಟಕಕ್ಕೆ ತಿಳಿಯದು.

ಹೆಸರಿನ ತೊಡಕೂ ಇದರೊಂದಿಗಿದೆ. ಹನೂರು ಎಂಬ ಒಂದು ಹೆಸರು ಒಂದು ಪಟ್ಟಣವನ್ನೂ ಒಂದು ಹೋಬಳಿಯನ್ನೂ, ತಾಲ್ಲೂಕಾಗುವುದಕ್ಕೆ ಬಹಳ ಮೊದಲೇ ರೂಪುಗೊಂಡ ವಿಧಾನಸಭಾ ಕ್ಷೇತ್ರವನ್ನೂ ಈಗಿನ ತಾಲ್ಲೂಕನ್ನೂ ಸೂಚಿಸುತ್ತದೆ. ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾದ ಸೀಮೆ. ಆ ಜಹಗೀರಿನ ಎಲ್ಲೆಯನ್ನೇ ಇಂದಿನ ತಾಲ್ಲೂಕಿನ ಎಲ್ಲೆಯೆಂದು ಭಾವಿಸಿ ಅಂಕಿಅಂಶಗಳನ್ನು ಹೋಲಿಸಿದರೆ ಫಲಿತಾಂಶ ದಾರಿ ತಪ್ಪುತ್ತದೆ. ಇಲ್ಲಿ ನೆಲೆ, ಹೆಸರು, ಆಡಳಿತ ಘಟಕ ಎಂಬ ಮೂರು ಬೇರೆ ಬೇರೆ ವರ್ಗದ ವಸ್ತುಗಳಿವೆ. ಇವನ್ನು ‘ಊರು’ ಎಂಬ ಒಂದೇ ಅಂಕಣದಲ್ಲಿ ತುಂಬಿದಾಗ ಗೊಂದಲವು ಅನಿವಾರ್ಯ.

ನಿರ್ವಚನದ ಉಪಯೋಗ ಇಲ್ಲಿ ಸ್ಪಷ್ಟವಾಗುತ್ತದೆ. ಮೂರು ಸೂತ್ರಗಳನ್ನು ಹೀಗೆ ಹೇಳಬಹುದು: ಯಾವ ನೆಲೆಯೂ ಆಡಳಿತ ಘಟಕವಲ್ಲ, ಯಾವ ಆಡಳಿತ ಘಟಕವೂ ನೆಲೆಯಲ್ಲ; ನೆಲೆಯೊಂದು ಘಟಕವೊಂದಕ್ಕೆ ಸೇರಿದೆ ಎಂಬ ಪ್ರತಿಯೊಂದು ಸಂಬಂಧಕ್ಕೂ ಕಾಲಾವಧಿ ಇರತಕ್ಕದ್ದು; ಒಂದು ನೆಲೆಗೆ ಹಲವು ಹೆಸರುಗಳೂ ಒಂದು ಹೆಸರಿಗೆ ಹಲವು ನೆಲೆಗಳೂ ಇರಬಹುದು. ಇಷ್ಟನ್ನು ಒಪ್ಪಿಕೊಂಡು ಕೊಯಮತ್ತೂರು ಜಿಲ್ಲೆಯ ಹಳೆಯ ವರದಿಯನ್ನೂ ಹನೂರು ತಾಲ್ಲೂಕಿನ ಹೊಸ ಪಟ್ಟಿಯನ್ನೂ ನೆಲೆಯ ಗುರುತಿನಿಂದ ಬೆಸೆದರೆ, ಆಡಳಿತದ ಎಲ್ಲೆಗಳು ಮುಂದೆ ಎಷ್ಟು ಬಾರಿ ಬದಲಾದರೂ ದತ್ತಾಂಶವನ್ನು ತಿದ್ದಬೇಕಾಗುವುದಿಲ್ಲ. ಹೊಸ ಸಂಬಂಧವೊಂದನ್ನು ಸೇರಿಸಿದರೆ ಸಾಕು.

೩

ಎರಡನೆಯದು ಇಲ್ಲದಿರುವುದರ ಪ್ರಶ್ನೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟ ೧೮೯೮ರಲ್ಲಿ ಪ್ರಕಟವಾಯಿತು. ಅದರಲ್ಲಿ ಯಳಂದೂರು ಜಹಗೀರಿನ ಶಾಸನಗಳಿವೆ. ಪಕ್ಕದ ಕೊಳ್ಳೇಗಾಲದ ಶಾಸನಗಳಿಲ್ಲ. ಕೊಳ್ಳೇಗಾಲವು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದೇ ಇದಕ್ಕೆ ಕಾರಣ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೫ರಲ್ಲಿ ಹೊರತಂದ ಪರಿಷ್ಕೃತ ನಾಲ್ಕನೆಯ ಸಂಪುಟದಲ್ಲಿ ಕೊಳ್ಳೇಗಾಲ ಸೇರಿತು. ಹಳೆಯ ಸಂಪುಟವೊಂದನ್ನೇ ಆಧರಿಸಿ ಶಾಸನಗಳ ಹರಹನ್ನು ತೋರಿಸುವ ನಕಾಶೆಯೊಂದನ್ನು ಯಂತ್ರ ಬರೆದರೆ ಕಾವೇರಿಯ ದಕ್ಷಿಣಕ್ಕೆ ಒಂದು ದೊಡ್ಡ ಬಯಲು ಕಾಣಿಸುತ್ತದೆ. ಆ ಬಯಲು ಚರಿತ್ರೆಯದಲ್ಲ, ಆಡಳಿತದ್ದು. ಆದರೆ ನಕಾಶೆ ಅದನ್ನು ಹೇಳುವುದಿಲ್ಲ.

ಭಾರತೀಯ ದರ್ಶನಗಳು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಗುರುತಿಸಿದ್ದವು. ವೈಶೇಷಿಕರು ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರು ಪದಾರ್ಥಗಳನ್ನು ಹೇಳಿದರು. ಮುಂದಿನವರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ನ್ಯಾಯ-ವೈಶೇಷಿಕರ ಪ್ರಕಾರ ಸುಮ್ಮನೆ ‘ಇಲ್ಲ’ ಎಂದರೆ ಅರ್ಥವಾಗದು. ಯಾವುದು ಇಲ್ಲ, ಎಲ್ಲಿ ಇಲ್ಲ ಎಂಬ ಎರಡನ್ನೂ ಹೇಳಿದಾಗಲೇ ಅಭಾವದ ಜ್ಞಾನ ಪೂರ್ಣವಾಗುತ್ತದೆ. ೨೦೦೪ರಲ್ಲಿ ವಿಶ್ವವ್ಯಾಪಿ ಜಾಲ ಒಕ್ಕೂಟವು ಮಾನ್ಯಮಾಡಿದ ಓಡಬ್ಲ್ಯುಎಲ್ ಎಂಬ ಆಂಟಾಲಜಿ ಭಾಷೆಯೂ ಬೇರೊಂದು ದಾರಿಯಿಂದ ಇಂಥದೇ ಎಚ್ಚರಕ್ಕೆ ಬಂದಿದೆ. ದಾಖಲೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ಲೋಕದಲ್ಲಿ ಇಲ್ಲವೆಂದು ಅದು ತೀರ್ಮಾನಿಸುವುದಿಲ್ಲ. ಸಾಮಾನ್ಯ ದತ್ತಸಂಚಯಗಳಾದರೋ ಹಾಗೆ ತೀರ್ಮಾನಿಸುವ ಅಭ್ಯಾಸದವು.

ಆದ್ದರಿಂದ ಶಾಸನಗಳ ಆಂಟಾಲಜಿಯಲ್ಲಿ ಶಾಸನದ ವರ್ಗವೊಂದಿದ್ದರೆ ಸಾಲದು. ‘ಶೋಧಕಾರ್ಯ’ ಎಂಬ ವರ್ಗವೂ ಬೇಕು. ಯಾರು, ಯಾವ ಎಲ್ಲೆಯೊಳಗೆ, ಯಾವ ವರ್ಷಗಳಲ್ಲಿ, ಯಾವ ಭಾಷೆಯ ಶಾಸನಗಳನ್ನು ಹುಡುಕಿದರು ಎಂಬುದು ಅದರ ಗುಣಗಳು. ಕನ್ನಡದ ಜೊತೆಗೆ ತಮಿಳು ಶಾಸನಗಳೂ ಇರುವ ಈ ಸೀಮೆಯಲ್ಲಿ ಭಾಷೆಯ ಗುಣವನ್ನು ಬಿಡುವಂತಿಲ್ಲ. ಒಂದೇ ಶಾಸನಕ್ಕೆ ಹಳೆಯ ಸಂಪುಟದಲ್ಲಿ ಒಂದು ಸಂಖ್ಯೆ, ಪರಿಷ್ಕೃತ ಸಂಪುಟದಲ್ಲಿ ಇನ್ನೊಂದು ಸಂಖ್ಯೆ ಇರುವಾಗ ಕಲ್ಲು, ಅದರ ಮೇಲಿನ ಪಠ್ಯ, ಒಬ್ಬ ವಿದ್ವಾಂಸನ ಓದು, ಅಚ್ಚಿನ ಸಂಖ್ಯೆ ಇವು ನಾಲ್ಕೂ ಬೇರೆ ಬೇರೆ ವಸ್ತುಗಳೆಂದು ಹೇಳಲೇಬೇಕಾಗುತ್ತದೆ. ಇಲ್ಲವಾದರೆ ಕಲ್ಲು ಒಂದಿದ್ದು ಎಣಿಕೆ ಎರಡಾಗುತ್ತದೆ.

೪

ಮೂರನೆಯದು ಮೌಖಿಕ ಪಠ್ಯದ ಪ್ರಶ್ನೆ. ಮಾದಪ್ಪನ ಕಾವ್ಯವನ್ನು ದೇವರಗುಡ್ಡರು ಹಾಡುತ್ತಾರೆ. ಮಂಟೇಸ್ವಾಮಿ ಪರಂಪರೆಯ ಕಾವ್ಯವನ್ನು ನೀಲಗಾರರು ಹಾಡುತ್ತಾರೆ. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ ೧೯೭೩ರಲ್ಲಿ ಪ್ರಕಟವಾಯಿತು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ೧೯೯೭ರಲ್ಲಿ ಪ್ರಕಟಿಸಿತು. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ೨೦೦೧ರಲ್ಲಿ ಹೊರತಂದಿತು. ಗ್ರಂಥಾಲಯದ ಸೂಚಿಯಲ್ಲಿ ಇವು ಒಂದೇ ಕೃತಿಯ ಆವೃತ್ತಿಗಳಂತೆ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ವಾಸ್ತವವಾಗಿ ಇವುಗಳ ಸಂಬಂಧ ಆವೃತ್ತಿಗಳ ಸಂಬಂಧವಲ್ಲ. ಒಂದು ಪರಂಪರೆಯಿದೆ, ಅದರೊಳಗೆ ಒಂದು ಗಾಯನ ಘಟನೆ ನಡೆಯುತ್ತದೆ, ಅದರಿಂದ ಧ್ವನಿಮುದ್ರಣ, ಅದರಿಂದ ಬರಹಕ್ಕಿಳಿದ ಪಠ್ಯ, ಅದರಿಂದ ಸಂಪಾದಿತ ಪಠ್ಯ, ಅದರಿಂದ ಅನುವಾದ ಹುಟ್ಟುತ್ತವೆ. ಪ್ರತಿಯೊಂದು ಹಂತದಲ್ಲಿಯೂ ಬೇರೊಬ್ಬ ಕರ್ತೃ ಇದ್ದಾನೆ, ಏನೋ ಉಳಿಯುತ್ತದೆ, ಏನೋ ಕಳೆಯುತ್ತದೆ.

‘ಲೇಖಕ’ ಎಂಬ ಅಂಕಣವನ್ನು ತುಂಬಲೇಬೇಕೆನ್ನುವ ಸೂಚಿಯು ಇಲ್ಲಿ ಗಾಯಕನನ್ನು ಮರೆಸಿ ಸಂಪಾದಕನನ್ನು ಕರ್ತೃವನ್ನಾಗಿ ನಿಲ್ಲಿಸುತ್ತದೆ. ೧೯೯೫ರಲ್ಲಿ ರೂಪುಗೊಂಡು ಮುಂದೆ ಹದಿನೈದು ಅಂಶಗಳ ಸರಳ ಚೌಕಟ್ಟಾಗಿ ಜನಪ್ರಿಯವಾದ ಡಬ್ಲಿನ್ ಕೋರ್ ಪುಸ್ತಕಕ್ಕೂ ಚಿತ್ರಕ್ಕೂ ಸಾಕಾಗಬಹುದು. ಮೌಖಿಕ ಕಾವ್ಯದ ಈ ಸರಣಿಗೆ ಅದು ಸಾಲದು. ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿಯ ಆಶ್ರಯದಲ್ಲಿ ಬೆಳೆದು ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಸಿಡಾಕ್ ಸಿಆರ್‌ಎಮ್ ಎಂಬ ಮಾದರಿಯು ವಸ್ತುವಿಗಿಂತ ಘಟನೆಯನ್ನು ಕೇಂದ್ರದಲ್ಲಿಡುತ್ತದೆ. ೨೦೧೩ರಲ್ಲಿ ಮಾನ್ಯವಾದ ಪ್ರಾವ್-ಓ ಎಂಬ ಆಂಟಾಲಜಿಯು ವಸ್ತು, ಕ್ರಿಯೆ, ಕರ್ತೃ ಎಂಬ ಮೂರು ವರ್ಗಗಳ ಮೂಲಕ ದತ್ತಾಂಶದ ಮೂಲ ಪರಂಪರೆಯನ್ನು ಹೇಳುತ್ತದೆ. ಗಾಯಕನನ್ನು ಕರ್ತೃಸ್ಥಾನದಲ್ಲಿ ಉಳಿಸಲು ಇವೆರಡೂ ನೆರವಾಗುತ್ತವೆ.

ಆದರೆ ಈ ಮಾದರಿಗಳಲ್ಲಿ ಇಲ್ಲದ್ದೂ ಇದೆ. ಗಾಯಕರು ತಮ್ಮ ಕಾವ್ಯವನ್ನು ‘ಸಾಲು’ಗಳಾಗಿ ವಿಂಗಡಿಸಿಕೊಳ್ಳುತ್ತಾರೆ, ಸಂಕಮ್ಮನ ಸಾಲು ಅವುಗಳಲ್ಲಿ ಪ್ರಸಿದ್ಧವಾದುದು. ಸಾಲು ಎಂದರೆ ಅಧ್ಯಾಯವಲ್ಲ. ಅದು ಒಂದೇ ರಾತ್ರಿಯಲ್ಲಿ ಬಿಡಿಯಾಗಿ ಹಾಡಬಹುದಾದ ಪೂರ್ಣ ಕಥನವೂ ಹೌದು, ದೊಡ್ಡ ಕಾವ್ಯದ ಅಂಗವೂ ಹೌದು. ಹಾಗೆಯೇ ಎಪ್ಪತ್ತೇಳು ಮಲೆ ಎಂಬಲ್ಲಿನ ಎಪ್ಪತ್ತೇಳು ಎಣಿಕೆಯ ಫಲವೋ ಹೆಸರಿನ ಭಾಗವೋ ಎಂಬುದನ್ನು ತೀರ್ಮಾನಿಸದೆ ಅದನ್ನು ಸಂಖ್ಯೆಯ ಅಂಕಣದಲ್ಲಿ ತುಂಬಿದರೆ ಕಾವ್ಯದ ನಂಬಿಕೆಯು ಭೂಗೋಳದ ಅಂಕಿಯಾಗಿ ಹೊರಬರುತ್ತದೆ. ಆಕರದ ಹೇಳಿಕೆಯನ್ನು ಲೋಕದ ಸಂಗತಿಯೆಂದು ನೇರವಾಗಿ ಬರೆಯದೆ, ‘ಇಂಥ ಆಕರದಲ್ಲಿ ಇಂಥ ಕರ್ತೃ ಹೀಗೆ ಹೇಳಿದ್ದಾನೆ’ ಎಂಬ ಪ್ರತಿಪಾದನೆಯಾಗಿ ಬರೆಯುವುದು ಇದಕ್ಕೆ ಪರಿಹಾರ. ಆಗ ಮಹದೇಶ್ವರನ ಕಾಲದ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯಗಳೂ ಒಂದನ್ನೊಂದು ಅಳಿಸದೆ ಒಟ್ಟಿಗೆ ಉಳಿಯುತ್ತವೆ.

೫

ನಾಲ್ಕನೆಯದು ಇವೆಲ್ಲಕ್ಕಿಂತ ಗಂಭೀರವಾದುದು; ಏಕೆಂದರೆ ಇಲ್ಲಿ ವರ್ಗೀಕರಣವು ಜನರ ಬದುಕನ್ನೇ ತಟ್ಟುತ್ತದೆ. ಬಿಳಿಗಿರಿರಂಗನ ಬೆಟ್ಟವು ೧೯೭೪ರಲ್ಲಿ ವನ್ಯಜೀವಿಧಾಮವಾಯಿತು, ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸರಕಾರದ ದಾಖಲೆಗಳಲ್ಲಿ ಆ ಕಾಡು ವಲಯ, ಗಸ್ತು ಎಂದು ಹಂಚಿಹೋಗಿದೆ. ಸೋಲಿಗರ ಅರಿವಿನಲ್ಲಿ ಅದೇ ಕಾಡು ಕುಲಗಳಿಗೆ ಸೇರಿದ ‘ಎಲ್ಲೆ’ಗಳಾಗಿ ಹಂಚಿಕೊಂಡಿದೆ, ಎಲ್ಲೆಗಳೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ನೀರಿನ ನೆಲೆಯಾದ ಅಬ್ಬಿ ಎಂಬ ಬಗೆಬಗೆಯ ತಾಣಗಳಿವೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರೊಂದಿಗೆ ಸೇರಿ ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ನಕಾಶೆಗಿಳಿಸಿದರು. ೨೦೦೬ರ ಅರಣ್ಯ ಹಕ್ಕು ಕಾಯಿದೆಯಡಿ ೨೦೧೧ರಲ್ಲಿ ಇಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಒಂದು ದಾಖಲೆ ವ್ಯವಸ್ಥೆಯಲ್ಲಿ ‘ಎಲ್ಲೆ’ ಎಂಬ ವರ್ಗವೇ ಇಲ್ಲದಿದ್ದರೆ ಆ ವ್ಯವಸ್ಥೆಯ ಮುಂದೆ ಎಲ್ಲೆಯನ್ನು ಕುರಿತ ಹಕ್ಕನ್ನು ಮಂಡಿಸುವುದೂ ಕಷ್ಟ. ವರ್ಗವಿಲ್ಲದ್ದು ಎಣಿಕೆಗೆ ಬರುವುದಿಲ್ಲ. ಎಣಿಕೆಗೆ ಬಾರದ್ದು ನ್ಯಾಯಕ್ಕೂ ಸುಲಭವಾಗಿ ಬರುವುದಿಲ್ಲ.

ಬೆಂಕಿಯ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಬೇಸಗೆಯ ಮೊದಲಲ್ಲೇ ನೆಲದ ಒಣ ಎಲೆಗಳನ್ನು ಸುಡುವ ‘ತರಗು ಬೆಂಕಿ’ ಸೋಲಿಗರ ಹಳೆಯ ಪದ್ಧತಿ. ಅದು ನಿಂತದ್ದರಿಂದ ನೆಲ್ಲಿಮರಗಳ ಮೇಲೆ ‘ಉಪ್ಪಿಲು’ ಎಂಬ ಬಂದಳಿಕೆ ಹೆಚ್ಚಿತೆಂಬುದು ಅವರ ವಿವರಣೆ. ಸಂಶೋಧಕರು ಇದನ್ನು ಗಂಭೀರವಾಗಿ ಪರಿಗಣಿಸಿ ೨೦೧೦ರಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು. ತರಗು ಬೆಂಕಿಯನ್ನೂ ಕಾಳ್ಗಿಚ್ಚನ್ನೂ ‘ಅರಣ್ಯ ಬೆಂಕಿ’ ಎಂಬ ಒಂದೇ ವರ್ಗಕ್ಕೆ ಸೇರಿಸಿದ ಕೋಷ್ಟಕದಲ್ಲಿ ಈ ವಿವರಣೆಯನ್ನು ಪರೀಕ್ಷಿಸುವುದು ಇರಲಿ, ಬರೆಯಲೂ ಜಾಗವಿರುವುದಿಲ್ಲ. ವಿವರಣೆ ಸರಿಯೋ ತಪ್ಪೋ ಎಂಬ ಚರ್ಚೆ ಆರಂಭವಾಗುವ ಮೊದಲೇ ಅಂಕಣದ ಶೀರ್ಷಿಕೆಯು ತೀರ್ಪು ಕೊಟ್ಟಿರುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಎಲ್ಲ ಅರಿವೂ ಎಲ್ಲರಿಗೂ ತೆರೆದಿರಬೇಕೆಂದಿಲ್ಲ. ಒಂದು ತಾಣದ ನಿಖರ ಜಾಗ, ಒಂದು ಬೇರಿನ ಬಳಕೆ ಇವನ್ನು ಪ್ರಕಟಿಸಬೇಕೇ ಎಂದು ತೀರ್ಮಾನಿಸುವ ಅಧಿಕಾರ ಆ ಸಮುದಾಯದ್ದು. ೨೦೧೬ರಲ್ಲಿ ಪ್ರಕಟವಾದ ‘ಫೇರ್’ ತತ್ತ್ವಗಳು ದತ್ತಾಂಶ ಸುಲಭವಾಗಿ ಸಿಗುವಂತಿರಬೇಕು, ಮರುಬಳಕೆಗೆ ಒದಗಬೇಕು ಎಂದವು. ೨೦೧೯ರಲ್ಲಿ ಮೂಲನಿವಾಸಿ ಸಮುದಾಯಗಳ ದತ್ತಾಂಶಕ್ಕಾಗಿ ರೂಪುಗೊಂಡ ‘ಕೇರ್’ ತತ್ತ್ವಗಳು ಸಮುದಾಯದ ಹಿತ ಮತ್ತು ಅಧಿಕಾರವನ್ನು ಮುಂದಿಟ್ಟವು. ಅನುಮತಿಯನ್ನು ಒಂದು ಗುಣವನ್ನಾಗಿ ಪ್ರತಿಯೊಂದು ಪ್ರತಿಪಾದನೆಗೂ ಅಂಟಿಸದ ಆಂಟಾಲಜಿಯು ಎಷ್ಟೇ ತರ್ಕಶುದ್ಧವಾಗಿದ್ದರೂ ಅಪೂರ್ಣ.

೬

ಈ ಪ್ರತಿಪಾದನೆಗೆ ಮೂರು ಆಕ್ಷೇಪಗಳು ಬರಬಹುದು. ಹರಿಯುವ ಜನಪದ ಅರಿವನ್ನು ಸೂತ್ರಗಳಲ್ಲಿ ಕಟ್ಟಿದರೆ ಅದು ಹೆಪ್ಪುಗಟ್ಟುತ್ತದೆಂಬುದು ಮೊದಲನೆಯದು. ಈ ಅಂಜಿಕೆ ನಿರಾಧಾರವಲ್ಲ. ಆದರೆ ಈಗಿರುವ ಕೋಷ್ಟಕಗಳು ಸೂತ್ರಗಳಿಂದ ಮುಕ್ತವಾಗಿಲ್ಲ. ಅವುಗಳ ಸೂತ್ರಗಳು ಅಂಕಣಗಳ ಶೀರ್ಷಿಕೆಯಲ್ಲಿ ಅಡಗಿ ಕುಳಿತಿವೆ, ಅಷ್ಟೆ. ಅಡಗಿದ ಸೂತ್ರವನ್ನು ಪ್ರಶ್ನಿಸಲಾಗದು. ಬಾಯಿಬಿಟ್ಟು ಹೇಳಿದ ಸೂತ್ರವನ್ನು ಯಾರು ಬೇಕಾದರೂ ಪ್ರಶ್ನಿಸಬಹುದು, ತಿದ್ದಬಹುದು. ನಿರ್ವಚನದ ಗುಣವು ಅದರ ಕಟ್ಟುನಿಟ್ಟಿನಲ್ಲಿರುವುದಕ್ಕಿಂತ ಅದರ ಬಯಲುತನದಲ್ಲಿದೆ.

ಅಂತರರಾಷ್ಟ್ರೀಯ ಮಾನಕಗಳಿರುವಾಗ ಕನ್ನಡಕ್ಕೆ ಬೇರೊಂದೇಕೆ ಎಂಬುದು ಎರಡನೆಯ ಆಕ್ಷೇಪ. ಬೇರೊಂದನ್ನು ಬುಡದಿಂದ ಕಟ್ಟಬೇಕಾಗಿಲ್ಲ. ಘಟನೆ, ಕರ್ತೃ, ಕಾಲ, ನೆಲೆಗಳ ಬೆನ್ನೆಲುಬನ್ನು ಆ ಮಾನಕಗಳಿಂದ ಪಡೆದು ಸಾಲು, ಎಲ್ಲೆ, ಜಹಗೀರುಗಳಂಥ ವರ್ಗಗಳನ್ನು ಅದಕ್ಕೆ ಜೋಡಿಸಿದರಾಯಿತು. ಈ ವರ್ಗಗಳನ್ನು ಜಿನೀವಾದಲ್ಲೋ ಪ್ಯಾರಿಸ್ಸಿನಲ್ಲೋ ಕುಳಿತವರು ನಿರ್ವಚಿಸಲಾರರು.

ಇದು ಸಾಹಿತ್ಯ ವಿಭಾಗದ ಕೆಲಸವಲ್ಲವೆಂಬುದು ಮೂರನೆಯದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ೧೯೩೩ರಲ್ಲಿ ಪ್ರಕಟವಾದ ತಮ್ಮ ಕೋಲನ್ ವರ್ಗೀಕರಣವನ್ನು ಬೆಳೆಸುತ್ತ ಎಸ್.ಆರ್. ರಂಗನಾಥನ್ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲಗಳೆಂಬ ಐದು ಮೂಲ ವರ್ಗಗಳನ್ನು ಹೇಳಿದರು. ೧೯೬೨ರಲ್ಲಿ ಅವರು ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ. ಪದದ ಅರ್ಥವನ್ನು ಅತಿವ್ಯಾಪ್ತಿ, ಅವ್ಯಾಪ್ತಿಗಳಿಲ್ಲದೆ ಹೇಳುವುದು ವೈಯಾಕರಣರ ಮತ್ತು ನಿಘಂಟುಕಾರರ ಕಸುಬು. ಕೇಶಿರಾಜನಿಂದ ಸಾಹಿತ್ಯ ಪರಿಷತ್ತಿನ ನಿಘಂಟಿನವರೆಗೆ ಕನ್ನಡದಲ್ಲಿ ಆ ಕಸುಬು ನಡೆದುಬಂದಿದೆ. ಸಂಕೇತ ಭಾಷೆಯಲ್ಲಿ ಸೂತ್ರವನ್ನು ಬರೆದುಕೊಡಲು ಗಣಕ ತಜ್ಞರ ನೆರವು ಬೇಕು. ಆದರೆ ಸಾಲು ಎಂದರೇನು ಎಂಬುದನ್ನು ಅವರು ಹೇಳಲಾರರು.

ತಡಮಾಡುವಂತೆಯೂ ಇಲ್ಲ. ಅಪಾರ ಬರಹವನ್ನು ನುಂಗಿ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಈಗ ಕನ್ನಡವನ್ನೂ ಓದುತ್ತಿವೆ. ಕಾವ್ಯದ ಹೇಳಿಕೆ, ಶಾಸನದ ಹೇಳಿಕೆ, ಸಂಪಾದಕನ ಊಹೆ, ಪ್ರವಾಸಿ ಕೈಪಿಡಿಯ ಉತ್ಪ್ರೇಕ್ಷೆ ಇವುಗಳ ನಡುವಿನ ಅಂತರವನ್ನು ದತ್ತಾಂಶವೇ ಹೊತ್ತು ತಿರುಗದಿದ್ದರೆ ಅವೆಲ್ಲವೂ ಒಂದೇ ಧ್ವನಿಯಲ್ಲಿ ಹಿಂದಿರುಗುತ್ತವೆ.

ಆರಂಭವು ಸಣ್ಣದಾಗಿರಲಿ. ಮೂರು ತಾಲ್ಲೂಕುಗಳು, ಮೂರು ಬಗೆಯ ಆಕರಗಳು: ಪ್ರಕಟಿತ ಶಾಸನಗಳು, ಮಾದಪ್ಪ ಮತ್ತು ಮಂಟೇಸ್ವಾಮಿ ಕಾವ್ಯಗಳ ಪ್ರಕಟಿತ ಪಾಠಗಳು, ಸಮುದಾಯದ ಅನುಮತಿಯಿರುವಷ್ಟು ಮಟ್ಟಿಗೆ ಸೋಲಿಗರ ತಾಣಗಳು. ವರ್ಗಗಳು ಇಪ್ಪತ್ತನ್ನು ಮೀರಬೇಕಾಗಿಲ್ಲ. ಪ್ರತಿಯೊಂದಕ್ಕೂ ಕನ್ನಡದಲ್ಲಿ ಒಂದು ನಿರ್ವಚನ, ಒಂದು ಉದಾಹರಣೆ, ಒಂದು ಪ್ರತ್ಯುದಾಹರಣೆ ಇರಲಿ. ಆ ಕರಡನ್ನು ಮೊದಲು ಓದಬೇಕಾದವರು ವಿದ್ವಾಂಸರಷ್ಟೇ ಅಲ್ಲ. ದೇವರಗುಡ್ಡರು, ನೀಲಗಾರರು, ಪೋಡುಗಳ ಹಿರಿಯರು ಅದನ್ನು ಕೇಳಿ ತಲೆದೂಗಬೇಕು ಅಥವಾ ಅಲ್ಲವೆನ್ನಬೇಕು. ಅವರು ಅಲ್ಲವೆಂದಲ್ಲಿ ತಿದ್ದಬೇಕಾದುದು ಅವರ ಮಾತಲ್ಲ, ನಿರ್ವಚನ.